ಅಂಬಿಗನಿಗೆ ಐದು ಭಾಗ

ದೇವರ ವಾಕ್ಯದ ಮೇಲೆ ತೀರ್ಪು ಕೊಡುವ ಅಧಿಕಾರ ಯಾವ ಮನುಷ್ಯನಿಗೂ ಇಲ್ಲ. ಬೇರೆ ಪುಸ್ತಕಗಳ ಮೇಲೆ ಇದೆ. ಅದಕ್ಕೆ ಕೋರಂ ಇದ್ದರೆ ಸಾಕು. ಚಾಮರಾಜನಗರದ ನಮ್ಮ ಪುಟ್ಟ ಚರ್ಚಿನ ಸಭಾ ಸಮಿತಿಯಲ್ಲಿ ಐದು ಜನರಿದ್ದೆವು. ನಾನು ಕಾರ್ಯದರ್ಶಿ. ಚರ್ಚಿನ ಹೆಂಚು ಸೋರುತ್ತದೆಂದು ಸಭೆ ಕರೆದಾಗಲೆಲ್ಲ ಇಬ್ಬರು ಬರುತ್ತಿದ್ದರು. ಒಂದು ಕತೆ ಪುಸ್ತಕದ ವಿಚಾರಣೆ ಇದೆ ಎಂದಾಗ ಐವರೂ ಬಂದೆವು, ಅದೂ ಹೊತ್ತಿಗೆ ಮುಂಚೆ.

ಪುಸ್ತಕ ನನ್ನ ಅಕ್ಕನದು. ಅಕ್ಕ ಗುಂಡ್ಲುಪೇಟೆಯಲ್ಲಿ ಪ್ರೈಮರಿ ಶಾಲೆಯ ಮೇಡಂ. ಮದುವೆಯಾಗಲಿಲ್ಲ. ಇಪ್ಪತ್ತೆರಡು ವರ್ಷ ಪ್ರತಿ ಭಾನುವಾರ ಮೊದಲ ಬಸ್ಸಿಗೆ ಬಂದು ನಮ್ಮ ಚರ್ಚಿನ ಸಂಡೆ ಸ್ಕೂಲ್ ನಡೆಸಿದಳು. ಹಬ್ಬಕ್ಕೆ ಸೀರೆ ಕೊಳ್ಳದಿದ್ದರೂ ಮಕ್ಕಳಿಗೆ ಬಣ್ಣದ ಪೆನ್ಸಿಲ್ ಕೊಳ್ಳುತ್ತಿದ್ದಳು. ಅವಳಿಗೆ ಬೇರೆ ಗೀಳು ಇರಲಿಲ್ಲ.

ಊಟಿ ರಸ್ತೆಯ ಲಾಡ್ಜುಗಳಲ್ಲಿ ಪ್ರವಾಸಿಗಳು ಬಿಟ್ಟುಹೋದ ಇಂಗ್ಲಿಷ್ ಪುಸ್ತಕಗಳು ಗುಂಡ್ಲುಪೇಟೆಯ ಗುಜರಿ ಅಂಗಡಿಗೆ ಬರುತ್ತಿದ್ದವು. ಎರಡು ಸಾವಿರದ ಐದೋ ಆರೋ ಇರಬೇಕು, ಅಲ್ಲಿ ಅವಳಿಗೆ ಇಟ್ಟಿಗೆಯಷ್ಟು ದಪ್ಪದ ಒಂದು ಮಾಯಾಲೋಕದ ಕಾದಂಬರಿ ಸಿಕ್ಕಿತು. ಅದರಲ್ಲಿ ಒಬ್ಬ ಅಂಬಿಗ. ಮಂತ್ರ ಬಲ್ಲವನು. ಒಂದು ಗೋಪುರದ ಒಡೆಯ ಊರವರ ನೆರಳನ್ನೆಲ್ಲ ಕಿತ್ತಿಟ್ಟುಕೊಂಡಿರುತ್ತಾನೆ. ನೆರಳಿಲ್ಲದವರು ದಿನದಿನಕ್ಕೆ ಸವೆಯುತ್ತಾರೆ. ಅಂಬಿಗ ಬರಿಗೈಯಲ್ಲಿ ಗೋಪುರಕ್ಕೆ ಹೋಗಿ, ಇವರನ್ನು ಬಿಡು, ನನ್ನನ್ನು ಇಟ್ಟುಕೋ ಅನ್ನುತ್ತಾನೆ. ಒಂದು ಮಂತ್ರ ಹೇಳಿದರೆ ಪಾರಾಗಬಹುದು. ಹೇಳುವುದಿಲ್ಲ.

ಅಕ್ಕ ಇದನ್ನು ಕನ್ನಡ ಮಾಡಿಕೊಂಡು ಈಸ್ಟರ್‌ಗೆ ಮುಂಚಿನ ಉಪವಾಸ ಕಾಲವಾದ ಲೆಂಟ್ ಪೂರ್ತಿ ವಾರಕ್ಕಿಷ್ಟು ಎಂದು ಮಕ್ಕಳಿಗೆ ಹೇಳಿದಳು. ಈಸ್ಟರ್‌ಗೆ ಒಂದು ವಾರವಿದ್ದಾಗ, ಗರಿಗಳ ಭಾನುವಾರ, ಅಂಬಿಗ ಸತ್ತ. ಅಂದು ಮಧ್ಯಾಹ್ನ ಊಟಕ್ಕೆ ನಮ್ಮ ಮನೆಗೆ ಬಂದಳು. ಮುಖ ಅರಳಿತ್ತು.

"ಮಕ್ಳು ಅತ್ಬುಟ್ವು ಕಣ್ಲಾ. ಇಪ್ಪತ್ತೆರಡು ವರ್ಸ ಶಿಲುಬೆ ಕತೆ ಯೋಳಿವ್ನಿ, ಒಂದು ಮಗೀನ ಕಣ್ಣಲ್ಲೂ ನೀರು ಬಂದಿರ್ನಿಲ್ಲ. ನಾನು ಸುರು ಮಾಡಕ್ ಮುಂಚೆನೇ, ಮೂರ್ನೇ ದಿನ ಎದ್ಬತ್ತನೆ ಮಿಸ್, ಅಂದ್ಬುಡ್ತವೆ. ಇವ್ನು ಬತ್ತನೋ ಇಲ್ವೋ ಅವಕ್ಕೆ ಗೊತ್ತಿಲ್ಲ. ಅದ್ಕೇ ಅಳು."

"ಬತ್ತನಾ?" ಅಂದೆ.

"ಬತ್ತನೆ. ಮೂರು ದಿನ ಅಂದ್ರೆ ಸಿಕ್ಕಾಕತೀನಿ ಅಂತ ಬರ್ದೋನ್ಗೆ ಅನ್ಸಿರ್ಬೇಕು, ನಾಕು ದಿನ ಮಾಡವ್ನೆ. ಮೊದ್ಲು ಗುರುತಿಸೋಳು ಒಳೇಲಿ ಬಟ್ಟೆ ಒಗ್ಯೋಳು. ಈಸ್ಟರ್ ದಿಸ ಅದ ಯೋಳ್ಬುಟ್ಟು ಸತ್ಯವೇದ ತಗ್ದು, ಈ ಅಂಬಿಗನ್ನ ಯಾರ ನೋಡ್ಕಂಡು ಬರ್ದವ್ರೆ ಯೋಳಿ ಅಂತ ಕೇಳ್ತೀನಿ. ಅವೇ ಯೋಳ್ತವೆ ನೋಡು."

ಅದೇ ರಾತ್ರಿ ನಮ್ಮ ಸಮಿತಿಯ ಖಜಾಂಚಿಗಳು ಊಟದ ಪ್ರಾರ್ಥನೆ ಮುಗಿಸಿ ಮೊಮ್ಮಗಳನ್ನು ಕೇಳಿದರಂತೆ, "ನಮಗೋಸ್ಕರ ಸತ್ತೋರು ಯಾರಮ್ಮಿ?"

"ಅಂಬಿಗ, ತಾತ."

ಖಜಾಂಚಿಗಳು ಕೈಯ ತುತ್ತನ್ನು ತಟ್ಟೆಗೆ ಹಾಕಿ ಅಯ್ಯನವರ, ಅಂದರೆ ನಮ್ಮ ಪಾಸ್ಟರ, ಮನೆಗೆ ನಡೆದರು.

ಬುಧವಾರ ಸಮಿತಿ ಸೇರಿತು. ಈಸ್ಟರ್‌ಗೆ ಮುಂಚೆ ತೀರ್ಮಾನವಾಗಬೇಕು. ಪುಸ್ತಕ ಒಂದೇ, ದಿನ ಮೂರು. ಇದಕ್ಕೆ ನಮ್ಮಲ್ಲಿ ಹಳೆಯ ಪದ್ಧತಿಯೊಂದು ಸಿದ್ಧವಾಗಿತ್ತು. ಹೊಸ ವರ್ಷದ ದಿನ ನಮ್ಮ ಸಭೆ ಇಡೀ ಸತ್ಯವೇದವನ್ನು ಒಂದೇ ದಿನದಲ್ಲಿ ಓದಿ ಮುಗಿಸುತ್ತದೆ. ಬೈಂಡು ಬಿಚ್ಚಿದ ಹಳೆಯ ಪ್ರತಿಯನ್ನು ಕಟ್ಟುಕಟ್ಟಾಗಿ ಮನೆಗೊಂದರಂತೆ ಹಂಚುತ್ತಾರೆ. ಸಂಜೆ ಒಬ್ಬೊಬ್ಬರೂ ಎದ್ದು ತಮ್ಮ ಭಾಗದಲ್ಲಿ ಏನಿತ್ತೆಂದು ಹೇಳಬೇಕು. ಒಬ್ಬರ ಭಾಗಕ್ಕೆ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ. ದೇವರ ಪುಸ್ತಕಕ್ಕೆ ಸಂದ ಮರ್ಯಾದೆ ಇದಕ್ಕೂ ಸಲ್ಲಲಿ ಎಂದು ಒಪ್ಪಿದೆವು.

ಅಕ್ಕ ಖುಷಿಯಿಂದಲೇ ಪುಸ್ತಕ ಕೊಟ್ಟಳು. "ಓದ್ಲಿ ಬುಡು. ಓದುದ್ರೆ ಅವ್ರೂ ಅಳ್ತರೆ."

ಚಿಕ್ಕಂಗಡಿ ಬೀದಿಯ ಬೈಂಡರ್ ಸಾಬರು ಅದನ್ನು ತಿರುಗಿಸಿ ನೋಡಿದರು. "ಎಲ್ಲಾ ಹೊಲ್ದು ಕೊಡಿ ಅಂತ ತರ್ತಾರೆ ಸಾರ್. ಬಿಚ್ಚಿ ಅಂತ ತಂದೋರು ನೀವೇ ಮೊದ್ಲು. ಒಳ್ಳೆ ದಾರ ಹಾಕವ್ರೆ, ಪಾಪ." ಐದು ಭಾಗ ಮಾಡಿ ಕೊಟ್ಟರು. ಮೊದಲನೆಯದು ಖಜಾಂಚಿಗಳಿಗೆ, ಎರಡನೆಯದು ಅಯ್ಯನವರಿಗೆ, ಮೂರನೆಯದು ಸಮಿತಿಯಲ್ಲಿದ್ದ ಬಸ್ ಡ್ರೈವರಿಗೆ, ನಾಲ್ಕನೆಯದು ನನಗೆ. ಕೊನೆಯದನ್ನು ಚಂದಕವಾಡಿಯ ಹಿರಿಯರಿಗೆ ಕೊಟ್ಟೆವು. ಹೊಸ ವರ್ಷದಲ್ಲೂ ಕೊನೆಯ ಕಟ್ಟು ಅವರಿಗೇ ಮೀಸಲು. ಕನ್ನಡ ಸತ್ಯವೇದವನ್ನು ಅವರಂತೆ ಓದುವವರು ಜಿಲ್ಲೆಯಲ್ಲಿಲ್ಲ. ಇಂಗ್ಲಿಷ್ ಅವರಿಗೆ ಬರುವುದಿಲ್ಲ. ಇದು ಐವರಿಗೂ ಗೊತ್ತಿತ್ತು. ಹೇಳಿದರೆ ಹಿರಿಯರಿಗೆ ಅವಮಾನವೆಂದು ಯಾರೂ ಹೇಳಲಿಲ್ಲ.

ನನ್ನ ಭಾಗವನ್ನು ಶುಭ ಶುಕ್ರವಾರ ಆರಾಧನೆ ಮುಗಿಸಿ ಬಂದು ಓದಿದೆ. ಗೋಪುರಕ್ಕೆ ಹೋಗುವ ಮುನ್ನ ಅಂಬಿಗ ಗೆಳೆಯರನ್ನು ದೋಣಿಯಲ್ಲಿ ಕೂರಿಸಿ, ಸ್ವಲ್ಪ ಹೊತ್ತು ಎಚ್ಚರ ಇರಿ ಅನ್ನುತ್ತಾನೆ. ಅವರು ಮಲಗಿಬಿಡುತ್ತಾರೆ. ಅವನು ಬೈಯದೆ ಕಂಬಳಿ ಹೊದಿಸಿ ಹೋಗುತ್ತಾನೆ. ಚರ್ಚಿನಲ್ಲಿ ಮೂರು ಗಂಟೆ ಕೂತು ಎರಡು ಸಲ ತೂಕಡಿಸಿದ್ದ ನಾನು ಇಲ್ಲಿ ತೂಕಡಿಸಲಿಲ್ಲ. ಕಂಬಳಿಯ ಹತ್ತಿರ ಕಣ್ಣು ಒರೆಸಿಕೊಂಡೆ. ಇದನ್ನು ವರದಿಯಲ್ಲಿ ಬರೆಯಲಿಲ್ಲ.

ಶನಿವಾರ ವಿಚಾರಣೆ. ಅಕ್ಕ ಹೊರಗೆ ಜಗಲಿಯ ಬೆಂಚಿನ ಮೇಲೆ ಕೂತಿದ್ದಳು. ಖಜಾಂಚಿಗಳ ಭಾಗದಲ್ಲಿ ಅಂಬಿಗ ಮಂತ್ರ ಕಲಿಯುತ್ತಿದ್ದ. ಎಷ್ಟು ಕಡೆ ಮಂತ್ರ ಬರುತ್ತದೆಂದು ಅವರು ಕೆಂಪು ಶಾಯಿಯಲ್ಲಿ ಗುರುತು ಹಾಕಿ ತಂದಿದ್ದರು. ಅಯ್ಯನವರ ಭಾಗದಲ್ಲಿ ಮಾತಾಡುವ ಮೊಸಳೆ. ಡ್ರೈವರ್ ಭಾಗದಲ್ಲಿ ಬರೀ ಯುದ್ಧ. ಅವರಿಗೆ ಹಿಡಿಸಿತ್ತು, ಆದರೂ ಮುಖ ಸಪ್ಪೆ ಮಾಡಿಕೊಂಡು ಹೇಳಿದರು. ನನ್ನ ಸರದಿ ಬಂತು.

"ಆ ಮನುಷ್ಯ ಸಾಯ್ತಾನಾ?" ಅಯ್ಯನವರು ಕೇಳಿದರು.

"ಸಾಯ್ತಾನೆ ಅಯ್ಯ."

"ಎದ್ದು ಬರ್ತಾನಾ?"

ಬರುತ್ತಾನೆಂದು ನನಗೆ ಗೊತ್ತಿತ್ತು. ಅಕ್ಕನ ಪರ ನಿಂತ ಎಂದು ಖಜಾಂಚಿಗಳು ಅನ್ನುತ್ತಾರೆ, ಕಾರ್ಯದರ್ಶಿಯಾದವನು ಕ್ರಮ ತಪ್ಪಬಾರದು ಎಂಬುದೂ ಗೊತ್ತಿತ್ತು.

"ನನ್ನ ಭಾಗದಲ್ಲಿ ಬರಲ್ಲ ಅಯ್ಯ."

ಯೇಸುವನ್ನು ಅರಿಯೆನೆಂದ ಪೇತ್ರನಿಗಾದರೂ ಕೋಳಿ ಕೂಗಿತು. ನನಗೆ ಖಜಾಂಚಿಗಳು, "ಸರಿ, ಬರ್ಕಳಿ," ಅಂದರು.

ಉಳಿದವರು ಹಿರಿಯರು. ಅವರು ಕಟ್ಟನ್ನು ಮೇಜಿನ ಮೇಲಿಟ್ಟು, "ಅಕ್ಷರ ಬೋ ಸಣ್ಣವು ಕಣಪ್ಪ. ಪ್ರಾರ್ಥನೆ ಮಾಡ್ಬುಟ್ಟು ಮಡಗ್ದಿ," ಅಂದರು. ಸಮಿತಿ ಅದನ್ನು ಐದನೆಯ ವರದಿಯೆಂದು ಸ್ವೀಕರಿಸಿತು. ಮಂತ್ರವಾದಿಯೊಬ್ಬ ಸತ್ತು ಮಣ್ಣಾಗುವ ಕತೆ, ಮಕ್ಕಳಿಗೆ ತಕ್ಕದ್ದಲ್ಲ. ಸಂಡೆ ಸ್ಕೂಲನ್ನು ನಾಳೆಯಿಂದ ಕಾರ್ಯದರ್ಶಿಗಳು ನೋಡಿಕೊಳ್ಳುವುದು. ನಾನೇ ಬರೆದೆ. ನನ್ನ ಅಕ್ಷರ ದುಂಡಗಿತ್ತು.

ಅಕ್ಕ ಬಾಗಿಲಿಗೆ ಬಂದು ನಿಂತಳು. "ಅಯ್ಯ, ಒಂದೇ ಭಾನುವಾರ ಕೊಡಿ. ಅವ್ನು ಎದ್ಬರದ ಯೋಳ್ಬುಟ್ಟು ಓಯ್ತೀನಿ. ಮಕ್ಳು ಅಳ್ತಾ ಕೂತವೆ."

"ಎದ್ದು ಬರೋದು ನಮ್ಮ ಪುಸ್ತಕದಲ್ಲೇ ಅದೆ ಕಣಮ್ಮ," ಅಂದರು ಖಜಾಂಚಿಗಳು.

ಅಕ್ಕ ನನ್ನ ಕಡೆ ತಿರುಗಿದಳು. "ನಿಂಗೆ ಯೋಳಿದ್ನಲ್ಲ ಕಣಪ್ಪ."

ಅಷ್ಟೇ. ಗುಂಡ್ಲುಪೇಟೆ ಬಸ್ಸಿಗೆ ಹೋದಳು.

ಮರುದಿನ ಈಸ್ಟರ್. ಹನ್ನೊಂದು ಮಕ್ಕಳು ಚಾಪೆಯ ಮೇಲೆ ಕೂತಿದ್ದವು. ಖಜಾಂಚಿಗಳ ಮೊಮ್ಮಗಳು ಕೈ ಎತ್ತಿದಳು. "ಮಾಮ, ಅಂಬಿಗ ಏನಾದ?"

ನಾನು ಸತ್ಯವೇದ ತೆರೆದು ಬರಿದಾದ ಸಮಾಧಿಯ ಭಾಗ ಓದತೊಡಗಿದೆ.

"ಅದ್ ಗೊತ್ತು ಮಾಮ," ಅಂದಳು. "ಅಂಬಿಗ?"

ಓದುತ್ತ ಹೋದೆ.

ಒಂದು ತಿಂಗಳ ಮೇಲೆ ಐದು ಕಟ್ಟುಗಳನ್ನು ತೆಗೆದುಕೊಂಡು ಗುಂಡ್ಲುಪೇಟೆಗೆ ಹೋದೆ. ಅಕ್ಕ ಅವನ್ನು ಬೀರುವಿನಲ್ಲಿಟ್ಟಳು. ಕಾಫಿ ಕೊಟ್ಟಳು, ನನ್ನ ಹೆಂಡತಿಯ ಮಂಡಿನೋವು ವಿಚಾರಿಸಿದಳು. ಬೈದಿದ್ದರೆ ಆಗುತ್ತಿತ್ತು. ಕ್ಷಮೆ ಕೇಳಲೆಂದು ಬಸ್ಸಿನಲ್ಲಿ ಮಾತು ಜೋಡಿಸಿಕೊಂಡಿದ್ದೆ. ಹೊರಡುವಾಗ, "ಭಾನುವಾರ ಬಾ ಅಕ್ಕ, ಆರಾಧನೆಗಾದ್ರೂ," ಅಂದೆ.

"ನೋಡನ. ಬಸ್ಸಿಗೆ ಒತ್ತಾಯ್ತು, ಓಗು."

ಸಂಡೆ ಸ್ಕೂಲಿಗೆ ಜೂನ್‌ನಲ್ಲಿ ನಾಲ್ಕು ಮಕ್ಕಳು ಬಂದವು. ಆಗಸ್ಟಿನಲ್ಲಿ ನಿಲ್ಲಿಸಿದೆವು. ಅಕ್ಕ ಎರಡು ವರ್ಷದ ಮೇಲೆ ಗುಂಡ್ಲುಪೇಟೆಯಲ್ಲಿ ತೀರಿಕೊಂಡಳು. ಆ ಎರಡು ವರ್ಷದಲ್ಲಿ ಒಂದು ಭಾನುವಾರವೂ ನಮ್ಮ ಚರ್ಚಿಗೆ ಬರಲಿಲ್ಲ.