ಗೋಡೆ ಮಾತ್ರ ಪಾಲು

ಬೀದಿಯವರೆಲ್ಲ ಟೌನ್‌ಹೌಸ್ ಮಾವ ಅಂತ ಕರೆಯುವ ಈ ಬಸ್ ಕಂಡಕ್ಟರ್ ಮುಂದೆ ಯಾರಾದರೂ ಬಾಯಿತಪ್ಪಿ "ನಿಮ್ಮ ಫ್ಲ್ಯಾಟು" ಅಂದರೋ, ಮುಗಿಯಿತು. "ಫ್ಲ್ಯಾಟಂತೆ ಫ್ಲ್ಯಾಟು! ನೆತ್ತಿ ಮೇಲೆ ಯಾರಾದ್ರೂ ಕುಣೀತಾರಾ? ಕಾಲ ಕೆಳಗೆ ಯಾರಾದ್ರೂ ಗೊಣಗ್ತಾರಾ? ಇದು ಟೌನ್‌ಹೌಸ್! ನೆಲದಿಂದ ತಾರಸಿವರೆಗೂ ನಂದೇ ಕಣ್ರೀ, ಗೋಡೆ ಮಾತ್ರ ಪಕ್ಕದವರ ಜೊತೆ ಪಾಲು!" ಎನ್ನುತ್ತಾ, ಗ್ಯಾಸ್ ಸಿಲಿಂಡರ್ ತಂದವನನ್ನೂ ಬಿಡದೆ, "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಮೂರು ಮಹಡಿ ಹತ್ತಿಸಿ ಇಳಿಸುತ್ತಾರೆ. ಮನೆಗೆ ಅಗಲಕ್ಕಿಂತ ಎತ್ತರವೇ ಜಾಸ್ತಿ. ಕನ್ನಡಕ ಮೇಲಿದ್ದರೆ ಪೇಪರ್ ಕೆಳಗೆ, ಪೇಪರ್ ಮೇಲೆ ಬಂದರೆ ಕನ್ನಡಕ ಕೆಳಗೆ. ಅದೆಲ್ಲ ಸಹಿಸಿಯಾರು, ಆ ಪಾಲಿನ ಗೋಡೆಯೊಂದನ್ನು ಬಿಟ್ಟು. ಅದರಾಚೆ ಒಬ್ಬರೇ ಇರುವ ಅಜ್ಜಿ ದಿನಾ ಬೆಳಗ್ಗೆ ಕೆಮ್ಮುತ್ತಾರೆ, ಇವರು ಈಚೆಯಿಂದ ಗುದ್ದಿ, "ಅಜ್ಜೀ, ಬಿಸಿನೀರು ಕುಡೀರಿ!" ಎಂದು ಕೂಗುತ್ತಾರೆ, "ನಿನ್ನ ಗೊರಕೆಗೆ ನಾನೇನು ಕುಡೀಲಪ್ಪ?" ಎಂದು ಗೋಡೆಯೇ ತಿರುಗಿ ಕೇಳುತ್ತದೆ. ಮೊನ್ನೆ ಕೆಮ್ಮು ಕೇಳಿಸಲಿಲ್ಲ. ಮಾವ ಗೋಡೆಗೆ ಕಿವಿ ಹಚ್ಚಿದರು, ಗುದ್ದಿದರು, ಆಮೇಲೆ ಅರ್ಧ ಬೋಳಿಸಿದ ಗಡ್ಡದ ನೊರೆಯಲ್ಲೇ ಮೂರು ಮಹಡಿ ಇಳಿದು ಓಡಿ ಅಜ್ಜಿಯ ಬಾಗಿಲು ಬಡಿದರು. ಅಜ್ಜಿ ಕಣ್ಣುಜ್ಜಿಕೊಳ್ಳುತ್ತಾ ಬಂದು, "ಕೆಮ್ಮು ವಾಸಿಯಾಗಿ ಹಾಯಾಗಿ ನಿದ್ದೆ ಬಂದಿತ್ತು, ಎಬ್ಬಿಸಿಬಿಟ್ಯಲ್ಲೋ!" ಅಂದರು. ಬಾಗಿಲ ಚೌಕಟ್ಟು ಹಿಡಿದು ನಿಂತ ಮಾವ, "ವಾಸಿ ಮಾಡ್ಕೊಳ್ಳೋ ಮುಂಚೆ ನಂಗೊಂದು ಮಾತು ಹೇಳ್ಬಾರ್ದಾ ಅಜ್ಜೀ!" ಎಂದು ಗದರಿದರು.