ತಾನೇ ಮುಚ್ಚಿಕೊಳ್ಳಬೇಕಿದ್ದ ಬಾಗಿಲು

ಅಕ್ಕನ ಮನೆಯ ಅಟ್ಟದ ಕೋಣೆಗೆ ಇರುವುದು ಒಂದೇ ಮೆಟ್ಟಿಲು. ಅದು ಕೆಳಗಿಳಿದು ನಿಲ್ಲುವುದು ಗ್ಯಾರೇಜಿನ ಬಾಗಿಲ ಪಕ್ಕದಲ್ಲೇ. ಆಸ್ಟಿನ್ನಿನ ಆ ಹಳೆಯ ಮನೆಯನ್ನು ಕೊಳ್ಳುವಾಗ, ಹಿಂದಿನವರು ಅಟ್ಟವನ್ನು ಮಲಗುವ ಕೋಣೆ ಮಾಡಿಕೊಂಡಿದ್ದನ್ನು ನೋಡಿ ಮನೆ ಪರೀಕ್ಷಿಸಲು ಬಂದ ಇನ್‌ಸ್ಪೆಕ್ಟರ್ ಭಾವನಿಗೆ ಎಚ್ಚರಿಕೆ ಹೇಳಿದ್ದರಂತೆ: ಗ್ಯಾರೇಜಿನಲ್ಲಿ ಬೆಂಕಿ ಬಿದ್ದರೆ ಹೊಗೆ ಮೊದಲು ಹತ್ತುವುದು ಈ ಮೆಟ್ಟಿಲನ್ನೇ, ಮೇಲಿದ್ದವರಿಗೆ ಬೇರೆ ದಾರಿಯಿಲ್ಲ. ಭಾವ ಅಲ್ಲಿದ್ದ ಟೊಳ್ಳು ಬಾಗಿಲನ್ನು ತೆಗೆಸಿ ಬೆಂಕಿ ತಡೆಯುವ ದಪ್ಪ ಬಾಗಿಲು ಹಾಕಿಸಿದರು. ಸ್ಪ್ರಿಂಗ್ ಇರುವ ಕೀಲು. ಕೈಬಿಟ್ಟರೆ ತಾನೇ ಮುಚ್ಚಿಕೊಳ್ಳಬೇಕು.

ನಮ್ಮವರ ಮನೆಗಳಲ್ಲಿ ಗ್ಯಾರೇಜು ಕಾರಿಗಿಂತ ಹೆಚ್ಚಾಗಿ ಕರಿಯುವುದಕ್ಕೆ. ಒಳಗೆ ಕರಿದರೆ ಕಾರ್ಪೆಟ್ಟಿಗೆಲ್ಲ ಎಣ್ಣೆ ವಾಸನೆ ಹತ್ತುತ್ತದೆ, ಅಲಾರಂ ಕಿರುಚುತ್ತದೆ. ಆ ದೀಪಾವಳಿಗೆ ನಾನು ಮಗಳನ್ನು ಕರೆದುಕೊಂಡು ನಮ್ಮೂರು ಫ್ಲವರ್ ಮೌಂಡ್‌ನಿಂದ ಡ್ರೈವ್ ಮಾಡಿಕೊಂಡು ಹೋಗಿದ್ದೆ. ಮಧ್ಯಾಹ್ನ, ಭಾವ ದ ಡೊಮೇನ್ ಬಡಾವಣೆಯ ಆಫೀಸಿನಲ್ಲಿದ್ದರು. ಅಕ್ಕ ಗ್ಯಾರೇಜಿನ ಶಟರ್ ಎತ್ತಿ, ಗ್ಯಾಸ್ ಒಲೆಯ ಮೇಲೆ ಬಾಣಲೆ ಇಟ್ಟಿದ್ದಳು. ಹುಬ್ಬಳ್ಳಿಯಿಂದ ಬಂದಿದ್ದ ಅವಳ ಅತ್ತೆ ಅಡುಗೆಮನೆಯಲ್ಲಿ ಚಕ್ಕುಲಿ ಒತ್ತಿ ತಟ್ಟೆಯಲ್ಲಿ ತಂದುಕೊಡುತ್ತಿದ್ದರು. ಪ್ರತಿ ಸಲವೂ ಬಾಗಿಲು ಬಂದು ಅವರ ಹಿಮ್ಮಡಿಗೆ ಬಡಿಯುತ್ತಿತ್ತು.

“ಏನ್ ಬಾಗಲಾನೋ ನಿಮ್ದು! ಎಮ್ಮಿಗತೆ ಹಿಂದಿಂದ ಬಂದು ಗುದ್ದತೈತಿ.”

“ಅದು ಹಾಗೇ ಇರ್ಬೇಕು ಅತ್ತೆ, ಅದೇ ರೂಲು,” ಅಂದಳು ಅಕ್ಕ.

“ರೂಲ್ ಮಾಡಿದಾವ ಎಂದಾರ ಚಕ್ಲಿ ಕರದಾನೇನವಾ?”

ನಾವು ನಕ್ಕೆವು. ಅವರೂ ನಗುತ್ತಲೇ ಸೋನಾ ಮಸೂರಿ ಚೀಲವನ್ನು ಎಳೆದು ತಂದು ತೆರೆದ ಬಾಗಿಲಿಗೆ ಆನಿಸಿದರು. ಯಾರೂ ಬೇಡ ಅನ್ನಲಿಲ್ಲ. ಮೇಲೆ ಅಟ್ಟದ ಕೋಣೆಯಲ್ಲಿ ನನ್ನ ಮಗಳು ಹೆಡ್‌ಫೋನ್ ಹಾಕಿಕೊಂಡು ಕಾರ್ಟೂನ್ ನೋಡುತ್ತಿದ್ದಳು.

ಅಕ್ಕ ಕೊರಿಯರ್ ಪೆಟ್ಟಿಗೆ ತರಲು ಶಟರಿನಾಚೆ ಹೋಗಿ ಬರುವಷ್ಟರಲ್ಲಿ ಎಣ್ಣೆ ಹೊತ್ತಿಕೊಂಡಿತ್ತು. ಗ್ಯಾಸ್ ಆರಿಸಲು ಅವಳು ಬಗ್ಗಿದ್ದನ್ನು ಒಳಗಿನಿಂದ ಕಂಡೆ. ಜ್ವಾಲೆ ಮೇಲಿನ ಶೆಲ್ಫಿನ ರಟ್ಟಿನ ಪೆಟ್ಟಿಗೆಗಳಿಗೆ ತಾಗಿತು. ಕಪ್ಪು ಹೊಗೆ ಬಾಗಿಲ ಮೇಲ್ಭಾಗದಿಂದ ಒಳಗೆ ನುಗ್ಗಿ, ದಾರಿ ಗೊತ್ತಿರುವಂತೆ ಮೆಟ್ಟಿಲ ಕಡೆ ತಿರುಗಿತು.

ಚೀಲವನ್ನು ಎಳೆದೆ. ಹಿಡಿಕೆ ಕಿತ್ತು ಬಂತು, ಹೊಲಿಗೆ ಬಿಚ್ಚಿ ಅಕ್ಕಿ ಚೆಲ್ಲಿತು. ಬಾಗಿಲು ಬಂದು ಅಕ್ಕಿಗೆ ಸಿಕ್ಕಿಕೊಂಡು ನಿಂತಿತು. ಅಕ್ಕನ ಅತ್ತೆ ಮಂಡಿಯೂರಿ ಎರಡೂ ಕೈಯಿಂದ ಅಕ್ಕಿ ಬಾಚತೊಡಗಿದರು. ಸಂದಿಯಲ್ಲಿ ಅಕ್ಕನ ಸೀರೆಯ ಬಣ್ಣವಷ್ಟೇ ಕಾಣುತ್ತಿತ್ತು.

“ಹಾಕೇ ಬಾಗಿಲು! ನಾನು ಈ ಕಡೆಯಿಂದ ಹೋಗ್ತೀನಿ!”

ಬಾಗಿಲನ್ನು ನೂಕಿದೆ; ಚಿಲಕ ಬಿದ್ದು ಮುಚ್ಚಿತು. ಕಣ್ಣುರಿಯುತ್ತಿದ್ದರೂ ಮೇಲಕ್ಕೆ ಓಡಿದೆ. ಮಗಳು ಹೆಡ್‌ಫೋನ್ ಸರಿಸಿ, “ಅಮ್ಮಾ, ವಾಟ್ಸ್ ದಟ್ ಸ್ಮೆಲ್?” ಅಂದಳು. ಅವಳ ಮುಖವನ್ನು ದುಪಟ್ಟಾದಲ್ಲಿ ಒತ್ತಿ ಹಿಡಿದು ಎತ್ತಿಕೊಂಡು ಇಳಿದೆ. ಬಾಗಿಲ ಆಚೆ ಏನೋ ಸಿಡಿಯಿತು. ಅತ್ತೆಯ ಕೈ ಹಿಡಿದು ಮುಂಬಾಗಿಲಿನಿಂದ ಹೊರಬಿದ್ದು, ಮನೆಯ ಮೂಲೆ ತಿರುಗುವವರೆಗೂ ಅಕ್ಕ ಇದ್ದಾಳೋ ಇಲ್ಲವೋ ಗೊತ್ತಿರಲಿಲ್ಲ. ಅವಳು ಪಕ್ಕದ ಮನೆಯ ಹುಲ್ಲಿನ ಮೇಲೆ ಕೂತಿದ್ದಳು. ಸುಟ್ಟ ಕೈಗೆ ಯಾರೋ ಒದ್ದೆ ಟವೆಲ್ ಸುತ್ತಿದ್ದರು.

“ಎಲ್ಲಾ ಬಂದ್ರಾ?” ಅಂದಳು.

ಬೆಂಕಿ ಆರಿಸಿದವರು ಆಮೇಲೆ ಒಳಗೆ ಕರೆದು ತೋರಿಸಿದರು. ಬಾಗಿಲಿನ ಗ್ಯಾರೇಜು ಬದಿ ಇದ್ದಿಲಾಗಿತ್ತು. ಮೆಟ್ಟಿಲ ಬದಿಯಲ್ಲಿ ಬಣ್ಣ ಕೂಡ ಉಬ್ಬಿರಲಿಲ್ಲ.

ಈಗ ಯಾರಾದರೂ ಮನೆಗೆ ಬಂದರೆ ಅಕ್ಕ ಇದನ್ನು ತಮಾಷೆಯಾಗಿ ಹೇಳುತ್ತಾಳೆ: “ನಮ್ ತಂಗಿ ನನ್ ಮುಖಕ್ಕೇ ಬಾಗಿಲು ಹಾಕಿದ್ಲು.” ಎಲ್ಲರೂ ನಗುತ್ತಾರೆ. ನನಗೆ ಮಾತ್ರ ಒಮ್ಮೊಮ್ಮೆ ನೆನಪಿನಲ್ಲಿ ಚಿಲಕ ಬಿದ್ದ ಸದ್ದು ಮೊದಲು ಕೇಳುತ್ತದೆ, ಅವಳ ಕೂಗು ಆಮೇಲೆ. ಯಾವುದು ಮೊದಲಾಗಿತ್ತು ಎಂದು ಒಮ್ಮೆ ಅವಳನ್ನೇ ಕೇಳಿದೆ.

“ಮುಂಚೆನೋ ಆಮೇಲೋ, ಯಾರಿಗೆ ನೆನಪಿದೆ? ಹಾಕಿದ್ಯಲ್ಲ, ಬಿಡು.”

ಹಾಗೆಂದು ನನ್ನ ಮಗಳನ್ನು ಮುಂದೆ ಕೂರಿಸಿಕೊಂಡು ಜಡೆ ಹೆಣೆಯತೊಡಗಿದಳು. ನನ್ನ ಕಡೆ ನೋಡಲಿಲ್ಲ.