ಫ್ಲೆಕ್ಸ್ ಎಂಬ ಗುಪ್ತಪದ

ಕ್ಯಾಪ್ಟನ್ನರ ಬಲಹುಬ್ಬು ಎರಡು ತುಂಡಾಗಿತ್ತು. ನಡುವೆ ಇರುವೆ ಸಾಲು ಹೋಗುವಷ್ಟು ಬೋಳು ಜಾಗ. ಕೋಪ ಬಂದರೆ ಒಳಗಿನ ತುಂಡು ಮಾತ್ರ ಮೇಲೇರುತ್ತಿತ್ತು, ಹೊರಗಿನದು ಇದ್ದಲ್ಲೇ ಇರುತ್ತಿತ್ತು. ಹೊಸದಾಗಿ ಹಡಗು ಹತ್ತಿದವರೆಲ್ಲ ಅದನ್ನು ಕಡಲ್ಗಳ್ಳರ ಕತ್ತಿಯ ಗುರುತು ಎಂದುಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಂಡು ಕೆಲವು ದಿನ ಭಯಭಕ್ತಿಯಿಂದ ನೋಡಿ, ಒಂದು ಸಂಜೆ ಕೇಳಿಯೇಬಿಟ್ಟೆ.

"ಕಡಲ್ಗಳ್ಳ ಅಲ್ಲ ಕಣಮ್ಮ, ಕಾರ್ಪೊರೇಟರ್," ಎಂದರು.

ರಜೆಗೆ ಊರಿಗೆ ಬಂದಿದ್ದಾಗ ನಡೆದದ್ದಂತೆ. ರಾಜಾಜಿನಗರದ ಅವರ ಮನೆಯ ತಿರುವಿನಲ್ಲಿ ಒಬ್ಬ ಪುಢಾರಿಯ ಹುಟ್ಟುಹಬ್ಬಕ್ಕೆ ಫ್ಲೆಕ್ಸ್ ನಿಲ್ಲಿಸಿದ್ದರು. ಎದುರು ಪಕ್ಷದವನು ಅದನ್ನು ಮರೆಮಾಡುವ ಹಾಗೆ ಇನ್ನೂ ಎತ್ತರದ್ದು ತಂದ. ಇವನು ಅದಕ್ಕಿಂತ ಎತ್ತರದ್ದು ತಂದ. ಗಾಳಿ ಬೀಸಿದಾಗ ಅದು ಚೌಕಟ್ಟಿನ ಸಮೇತ ಸ್ಕೂಟರಿನಲ್ಲಿ ತರಕಾರಿ ತರುತ್ತಿದ್ದ ಕ್ಯಾಪ್ಟನ್ನರ ಮೇಲೆ ಬಿತ್ತು.

"ಅವರಿಬ್ಬರಿಗೂ ಒಂದು ಗೀರೂ ಆಗ್ಲಿಲ್ಲ. ಮಾರನೇ ದಿನ ಇಬ್ರೂ ಆಸ್ಪತ್ರೆಗೆ ಬಂದು ನನ್ ಜೊತೆ ಫೋಟೋ ತೆಗೆಸ್ಕೊಂಡ್ರು. ಎಡಗಡೆ ಒಬ್ಬ, ಬಲಗಡೆ ಒಬ್ಬ."

ನಾನು ಮೂಡಲಪಾಳ್ಯದವಳು. ಹಡಗಿನ ಓದು ಓದಿ, ಎಣ್ಣೆ ಸಾಗಿಸುವ ಆ ಹಡಗಿಗೆ ಥರ್ಡ್ ಆಫೀಸರ್ ಆಗಿ ಸೇರಿದ್ದೆ. ಹಡಗಿನಲ್ಲಿ ಹೆಂಗಸು ನಾನೊಬ್ಬಳೇ, ಕನ್ನಡದವರು ನಾವಿಬ್ಬರೇ. ಬೇರೆಯವರ ಎದುರು ಹುದ್ದೆ ಹಿಡಿದು ಕರೆಯುತ್ತಿದ್ದ ಅವರು, ಬ್ರಿಡ್ಜಿನಲ್ಲಿ, ಅಂದರೆ ಹಡಗು ನಡೆಸುವ ಮೇಲಿನ ಕೋಣೆಯಲ್ಲಿ, ಇಬ್ಬರೇ ಇದ್ದಾಗ ನನ್ನನ್ನು ಬಡಾವಣೆಯ ಹೆಸರಿನಿಂದಲೇ ಕರೆಯುತ್ತಿದ್ದರು.

"ಏನಮ್ಮ ಮೂಡಲಪಾಳ್ಯ, ನಿಮ್ ಕಡೆಗೆ ಕಾವೇರಿ ನೀರು ಬಂತಾ?"

"ಬಂತು ಸಾರ್. ನಿಮ್ ರಾಜಾಜಿನಗರದಲ್ಲಿ ಪಾರ್ಕಿಂಗ್ ಸಿಕ್ತಾ?"

ಜೇಬಿನಲ್ಲಿ ಸದಾ ಖಾರದ ಕಡ್ಲೆಬೀಜ ಇರುತ್ತಿತ್ತು. ರೇಡಿಯೋದಲ್ಲಿ ಯಾರ ಹತ್ತಿರ ಮಾತಾಡಿದರೂ ಮೊದಲು ನಮಸ್ಕಾರ ಹೇಳಿಯೇ ಮುಂದಿನ ಮಾತು. ಮೀನು ಹಿಡಿಯುವ ದೋಣಿಯವನು ಅಡ್ಡ ಬಂದು ಬೈದರೂ ನಮಸ್ಕಾರ. "ರಸ್ತೆ ಮೇಲೆ ಹಾರನ್ ಹೊಡೆದು ಬದುಕಿದ್ದು ಸಾಕು. ಇಲ್ಲಾದ್ರೂ ಮನುಷ್ಯರ ಥರ ಇರೋಣ," ಎನ್ನುತ್ತಿದ್ದರು.

ನಾವು ಓಡಾಡುತ್ತಿದ್ದದ್ದು ಒಂದು ಇಕ್ಕಟ್ಟಾದ ಜಲಸಂಧಿಯಲ್ಲಿ. ಆ ವರ್ಷ ಅಲ್ಲಿಗೆ ದೂರದ ದೊಡ್ಡ ದೇಶವೊಂದು ತನ್ನ ಯುದ್ಧನೌಕೆಗಳನ್ನು ಕಳಿಸಿತು. ದೇಶಗಳ ಹೆಸರು ಬರೆಯುವುದಿಲ್ಲ. ಬರೆದರೆ ಓದುವವರು ತಮ್ಮ ಪಕ್ಷ ಹಿಡಿದು ಕೂರುತ್ತಾರೆ. ಯುದ್ಧ ಮಾಡಲು ಬಂದ ಹಡಗುಗಳಲ್ಲ ಅವು. ಟೀವಿಯಲ್ಲಿ ಅದಕ್ಕೆ ಬಲಪ್ರದರ್ಶನ ಎಂದರು. ದಡದ ದೇಶಕ್ಕೆ ಕಾಣುವ ಹಾಗೆ ಬಂದು ನಿಲ್ಲುವುದು, ಅಷ್ಟೇ ಕೆಲಸ. ದಡದ ದೇಶವೂ ತನ್ನಲ್ಲಿದ್ದ ಹಡಗುಗಳನ್ನು ತಂದು ಎದುರಿಗೆ ನಿಲ್ಲಿಸಿತು. ನಡುವಿನ ಓಣಿಯಲ್ಲಿ ನಮ್ಮಂಥ ಸರಕು ಹಡಗುಗಳು.

ಬೂದು ಬಣ್ಣದ ಮೊದಲ ನೌಕೆ ಕಂಡ ದಿನ ಕ್ಯಾಪ್ಟನ್ ದುರ್ಬೀನು ಇಳಿಸಿ, ಒಳಹುಬ್ಬು ಏರಿಸಿ, "ಫ್ಲೆಕ್ಸ್ ಬಂತು," ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅಂದಿನಿಂದ ಯುದ್ಧನೌಕೆಗೆ ನಮ್ಮಿಬ್ಬರಲ್ಲಿ ಅದೇ ಹೆಸರು. ದೊಡ್ಡ ಫ್ಲೆಕ್ಸ್, ಚಿಕ್ಕ ಫ್ಲೆಕ್ಸ್. ಬ್ರಿಡ್ಜಿನಿಂದ ಮನೆಗೆ ಫೋನ್ ಮಾಡಿದಾಗಲೂ ಹೆಂಡತಿಗೆ, "ಇವತ್ತು ಎರಡು ಫ್ಲೆಕ್ಸ್ ಕಣೇ," ಎನ್ನುತ್ತಿದ್ದರು.

"ನಮ್ಮೂರ ಫ್ಲೆಕ್ಸಿಂದ ಒಂದಾದ್ರೂ ಉಪಯೋಗ ಇದೆ," ಎಂದರು ಒಮ್ಮೆ. "ಹರಿದು ಬಿದ್ಮೇಲೆ ಯಾರೋ ಪಾಪ ಶೆಡ್ಡಿನ ಮೇಲೆ ಹೊದಿಸ್ಕೋತಾರೆ. ಇವು ಅದಕ್ಕೂ ಬರಲ್ಲ."

ಆ ಬೆಳಿಗ್ಗೆ ಬ್ರಿಡ್ಜಿನಲ್ಲಿ ಪಾಳಿ ನನ್ನದು. ರೇಡಿಯೋದಲ್ಲಿ ದಡದವರ ದನಿ ಬಂತು: ದಿಕ್ಕು ಬದಲಿಸಿ ನಮ್ಮ ಬಂದರಿಗೆ ಬನ್ನಿ. ಅದರ ಬೆನ್ನಿಗೇ ದೊಡ್ಡ ದೇಶದ ನೌಕೆಯ ದನಿ: ಅವರ ಮಾತು ಕೇಳಬೇಡಿ, ನೇರ ಹೋಗಿ, ನಾವಿದ್ದೇವೆ. ಕ್ಯಾಪ್ಟನ್ ಇಬ್ಬರಿಗೂ ನಮಸ್ಕಾರ ಹೇಳಿದರು. ಇದು ಸರಕು ಹಡಗು, ಯಾರ ಜಗಳಕ್ಕೂ ಸೇರಿದ್ದಲ್ಲ ಎಂದರು. ಆಮೇಲೆ ದಡದ ಕಡೆಯಿಂದ ಹೆಲಿಕಾಪ್ಟರ್ ಬಂತು.

ಅದು ನಮ್ಮ ತಲೆಯ ಮೇಲೆಯೇ ನಿಂತಿತು. ಕಿಟಕಿಗಳು ಅದುರಿದವು. ಹಗ್ಗ ಹಿಡಿದು ಮುಖ ಮುಚ್ಚಿಕೊಂಡವರು ಇಳಿದರು. ಬಾಗಿಲು ಒದ್ದು ಒಳಗೆ ಬಂದವನ ಬಂದೂಕಿನ ತುದಿ ಮೊದಲು ನನ್ನ ಕಡೆ ತಿರುಗಿತು. ಕ್ಯಾಪ್ಟನ್ ಕೈ ಮೇಲೆತ್ತಿಕೊಂಡೇ ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟು ನನ್ನ ಮುಂದೆ ನಿಂತರು. ಅವರ ಬೆನ್ನಿನ ಮೇಲೆ ಅಂಗಿ ಒದ್ದೆಯಾಗುತ್ತಾ ಹೋದದ್ದು ನೆನಪಿದೆ. ಈಗಲೂ ನಮ್ಮ ರಸ್ತೆಯಲ್ಲಿ ಬೋರ್‌ವೆಲ್ ಲಾರಿ ಶುರುವಾಗಿ ಕಿಟಕಿ ಅದುರಿದರೆ ನನಗೆ ಆ ಒದ್ದೆ ಅಂಗಿಯೇ ಕಾಣುವುದು. ಕೈಯಲ್ಲಿದ್ದ ಲೋಟ ಕೆಳಗಿಡುತ್ತೇನೆ, ಇಲ್ಲದಿದ್ದರೆ ಬೀಳುತ್ತದೆ.

ನಾವಿದ್ದೇವೆ ಎಂದಿದ್ದ ನೌಕೆ ಕಣ್ಣಳತೆಯಲ್ಲೇ ಇತ್ತು. ಅದರ ಮೇಲೆ ನಿಂತವರು ನಮ್ಮ ವೀಡಿಯೋ ತೆಗೆದರು. ಸಂಜೆಗೆ ಆ ವೀಡಿಯೋ ಲೋಕಕ್ಕೆಲ್ಲ ಸಿಕ್ಕಿತು. ನೋಡಿ ಇವರೆಂಥವರು ಎಂದು ತೋರಿಸಲು ಅವರಿಗೆ ನಾವು ಬೇಕಾಗಿದ್ದೆವು, ಬಿಡಿಸಲು ಅಲ್ಲ. ದಡದವರಿಗೂ ಅಷ್ಟೇ. ಆ ಕಬ್ಬಿಣದ ಗುಡ್ಡವನ್ನು ಮುಟ್ಟುವ ಧೈರ್ಯವಿಲ್ಲ, ಅದಕ್ಕೇ ನಮ್ಮನ್ನು ಹಿಡಿದರು. ಥೂ.

ಬಂದರಿನಲ್ಲಿ ನಮ್ಮನ್ನು ಒಂದು ಕಟ್ಟಡದಲ್ಲಿಟ್ಟರು. ವಿಮಾನದಲ್ಲಿರುವ ಹಾಗೆ ಹಡಗಿನ ಬ್ರಿಡ್ಜಿನಲ್ಲೂ ಆಡಿದ ಮಾತೆಲ್ಲ ದಾಖಲಾಗುವ ಒಂದು ಪೆಟ್ಟಿಗೆ ಇರುತ್ತದೆ. ಅವರು ಅದನ್ನು ಬಿಚ್ಚಿದರು. ವಿಚಾರಣೆಯ ಅಧಿಕಾರಿ ನಮ್ಮಿಬ್ಬರನ್ನೂ ಕೂರಿಸಿ, ನಮ್ಮದೇ ದನಿ ನಮಗೆ ಕೇಳಿಸಿದ. ಕನ್ನಡ ಅವನಿಗೆ ಬರುತ್ತಿರಲಿಲ್ಲ. ಆದರೆ ಅರ್ಥವಾಗದ ಆ ಮಾತಿನ ರಾಶಿಯಲ್ಲಿ ಒಂದು ಇಂಗ್ಲಿಷ್ ಪದ ಮತ್ತೆ ಮತ್ತೆ ಬರುತ್ತಿತ್ತು. ಅದು ಬಂದಾಗಲೆಲ್ಲ ಹತ್ತಿರದಲ್ಲಿ ಒಂದು ಯುದ್ಧನೌಕೆ ಇರುತ್ತಿತ್ತು.

"ಸಾರ್, ಬಲಗಡೆ ದೊಡ್ಡ ಫ್ಲೆಕ್ಸ್." ಅದು ನನ್ನ ದನಿ.

"ಇವತ್ತು ಎರಡು ಫ್ಲೆಕ್ಸ್ ಕಣೇ." ಅದು ಮನೆಗೆ ಮಾಡಿದ ಫೋನು.

ಫ್ಲೆಕ್ಸ್ ಅಂದರೆ ಯಾರು, ಈ ಗುಪ್ತಪದ ಕೊಟ್ಟವರು ಯಾರು, ಬೆಂಗಳೂರಿನಲ್ಲಿ ಸುದ್ದಿ ತೆಗೆದುಕೊಳ್ಳುತ್ತಿದ್ದ ಹೆಂಗಸು ಯಾರು ಎಂದು ಕೇಳಿದ. ಕ್ಯಾಪ್ಟನ್ ಶಾಂತವಾಗಿ ನಿಜ ಹೇಳಿದರು. ಹುಟ್ಟುಹಬ್ಬ, ಪುಢಾರಿಗಳು, ಗಾಳಿ, ಹುಬ್ಬು, ಎಲ್ಲ. ಬೆರಳಿಟ್ಟು ಗಾಯದ ಗುರುತನ್ನೂ ತೋರಿಸಿದರು. ಆ ಮನುಷ್ಯ ಅಷ್ಟೂ ಕೇಳಿ, "ಮೂವತ್ತು ವರ್ಷ ಸಮುದ್ರದಲ್ಲಿರುವ ಕ್ಯಾಪ್ಟನ್ ಯುದ್ಧನೌಕೆಯನ್ನು ಹುಟ್ಟುಹಬ್ಬದ ಬ್ಯಾನರ್ ಎನ್ನುತ್ತಾನೆಯೇ?" ಎಂದು ಕೇಳಿದ. ನನ್ನ ಕಡೆ ತಿರುಗಿದ. "ನೌಕೆ ಎಲ್ಲಿದೆ ಎಂದು ಹೇಳುತ್ತಿದ್ದವಳು ಇವಳು. ಇವಳಿಂದ ಶುರುಮಾಡೋಣ."

ಕ್ಯಾಪ್ಟನ್ನರ ಒಳಹುಬ್ಬು ಏರಿತು. ಅಲ್ಲಿಯವರೆಗೂ ಅವರು ಸುಳ್ಳು ಹೇಳಿದ್ದನ್ನು ನಾನು ಕಂಡಿರಲಿಲ್ಲ.

"ಸರಿ. ಅದು ಯುದ್ಧನೌಕೆಗೆ ನಾನಿಟ್ಟ ಗುಪ್ತ ಹೆಸರು. ಈ ಹುಡುಗಿ ಹೊಸಬಳು. ಅದು ಹಡಗಿನವರ ಮಾತು ಎಂದು ನಾನೇ ಅವಳಿಗೆ ಹೇಳಿಕೊಟ್ಟೆ. ಅವಳಿಗೆ ಏನೂ ಗೊತ್ತಿಲ್ಲ."

ನಾನು ಬಾಯಿ ತೆರೆದೆ. ಅವರು ನನ್ನ ಕಡೆ ನೋಡದೆ ಕನ್ನಡದಲ್ಲಿ, "ಮೂಡಲಪಾಳ್ಯ, ಸುಮ್ನಿರು," ಎಂದರು. ಅದು ಅಪ್ಪಣೆ. ಸುಮ್ಮನಾದೆ.

ನಿಜವನ್ನು ನಂಬದಿದ್ದ ಅಧಿಕಾರಿ ಆ ಸುಳ್ಳನ್ನು ಕೂಡಲೇ ಬರೆದುಕೊಂಡ.

ಕೆಲವು ವಾರಗಳ ನಂತರ ನಮ್ಮನ್ನೆಲ್ಲ ಬಿಟ್ಟರು. ಕ್ಯಾಮೆರಾಗಳ ಮುಂದೆ ಹೂ ಕೊಟ್ಟು, ಮಾನವೀಯತೆ ಎಂದು ಹೇಳಿ ಬಿಟ್ಟರು. ಕ್ಯಾಪ್ಟನ್ನರನ್ನು ಉಳಿಸಿಕೊಂಡರು. ಗೂಢಚಾರ ಸಿಕ್ಕಿದ್ದಾನೆ ಎಂದು ತೋರಿಸಲು ಒಬ್ಬನಾದರೂ ಬೇಕಿತ್ತಲ್ಲ.

ಆಮೇಲಿನದನ್ನು ನಾನು ಕಂಡದ್ದು ರಾಜಾಜಿನಗರದ ಅವರ ಮನೆಯಲ್ಲಿ, ಅವರ ಹೆಂಡತಿಯ ಪಕ್ಕದಲ್ಲಿ ಕೂತು. ಆಂಟಿ ದಿನವಿಡೀ ಟೀವಿ ಹಾಕಿರುತ್ತಿದ್ದರು. ದೊಡ್ಡ ದೇಶ ತನ್ನ ರಾಯಭಾರಿಯನ್ನು ವಾಪಸ್ ಕರೆಸಿತು. ಮಾತುಕತೆ ನಿಂತಿತು. ಮತ್ತೆ ಅದಕ್ಕೆ ದಿನ ಗೊತ್ತಾಯಿತು. ಅಷ್ಟರಲ್ಲಿ ಮಾತುಕತೆಗೆ ಬಲ ಬರಲೆಂದು ಇನ್ನೊಂದು ನೌಕೆ ಕಳಿಸಿದರು. ಅದು ಬಂದದ್ದೇ ದಡದವರು ಮುನಿಸಿಕೊಂಡು ಎದ್ದುಹೋದರು. ಹೊಸ ನೌಕೆ ಬಂದಾಗಲೆಲ್ಲ ಕ್ಯಾಪ್ಟನ್ನರ ವಿಚಾರಣೆ ಮುಂದಕ್ಕೆ ಹೋಗುತ್ತಿತ್ತು. ನಮ್ಮ ಕಡೆಯ ಅಧಿಕಾರಿಯೊಬ್ಬರು ಫೋನಿನಲ್ಲಿ, "ಎರಡೂ ದೇಶದವರು ನಮಗೆ ಬೇಕಾದವರು ಮೇಡಂ, ಸ್ವಲ್ಪ ತಾಳ್ಮೆ," ಎಂದರು.

"ನಮ್ಮನೆಯವರು ಯಾರಿಗೆ ಬೇಕಾದವರು ಅಂತ ಕೇಳು," ಎಂದರು ಆಂಟಿ ನನಗೆ, ಫೋನು ಇಟ್ಟ ಮೇಲೆ.

ಟೀವಿಯಲ್ಲಿ ಕೋಟು ಹಾಕಿದವನೊಬ್ಬ ಆಟಿಕೆ ಹಡಗುಗಳನ್ನು ನಕ್ಷೆಯ ಮೇಲೆ ಸರಿಸುತ್ತಾ, ಯಾವುದರಲ್ಲಿ ಎಷ್ಟು ಕ್ಷಿಪಣಿ ಎಂದು ಕೂಗುತ್ತಿದ್ದ. ಅವನ ಬಾಯಲ್ಲಿ ನೀರೂರುತ್ತಿತ್ತು. ನಾನು ಎದ್ದು ಟೀವಿಯ ದನಿ ತಗ್ಗಿಸಿದೆ. ಸಕ್ಕರೆ ಕಾಯಿಲೆಯಿದ್ದ ಕ್ಯಾಪ್ಟನ್ನರಿಗೆ ಸೆರೆಯಲ್ಲಿ ಸರಿಯಾಗಿ ಇನ್ಸುಲಿನ್ ಸಿಗುತ್ತಿಲ್ಲ ಎಂಬ ಸುದ್ದಿಗೆ ಅವನ ನಕ್ಷೆಯಲ್ಲಿ ಜಾಗವಿರಲಿಲ್ಲ.

ಕೊನೆಗೆ ಎರಡು ದೇಶಗಳೂ ಕೈ ಕುಲುಕಿದವು. ನೌಕೆಗಳು ತಾವು ಗೆದ್ದೆವೆಂದು ಹೇಳಿಕೊಂಡು ಹೊರಟವು. ದಡದವರೂ ತಾವೇ ಗೆದ್ದೆವೆಂದರು. ಕ್ಯಾಪ್ಟನ್ ಮನೆಗೆ ಬಂದರು, ಎರಡು ಮೂತ್ರಪಿಂಡವೂ ಕೆಟ್ಟು.

ವಿಮಾನ ನಿಲ್ದಾಣದಿಂದ ಕರೆತಂದ ಕಾರಿನಲ್ಲಿ ನಾನಿದ್ದೆ. ಅವರ ಮನೆಯ ಅದೇ ತಿರುವಿನಲ್ಲಿ ಅವರದೇ ಫ್ಲೆಕ್ಸ್ ನಿಂತಿತ್ತು. "ವೀರಪುತ್ರನಿಗೆ ಸ್ವಾಗತ." ಅವರ ಮುಖಕ್ಕೆ ಯಾರದೋ ನೌಕಾಪಡೆಯ ಸಮವಸ್ತ್ರ ಅಂಟಿಸಿದ್ದರು. ಹಿಂದೆ ಬೂದು ಬಣ್ಣದ ಯುದ್ಧನೌಕೆ. ಎಡಗಡೆ ಒಬ್ಬ ಪುಢಾರಿ, ಬಲಗಡೆ ಇನ್ನೊಬ್ಬ, ಕೈಮುಗಿದುಕೊಂಡು. ಹುಬ್ಬನ್ನು ತಿದ್ದಿ ಒಂದೇ ಮಾಡಿದ್ದರು.

ಕ್ಯಾಪ್ಟನ್ ಕಾರಿನ ಗಾಜು ಇಳಿಸಿ ನೋಡಿದರು. "ಹುಬ್ಬಿನ ರಿಪೇರಿ ಚೆನ್ನಾಗಿ ಮಾಡವ್ರೆ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಮೂಡಲಪಾಳ್ಯ, ನಾನು ಹೋದಾಗ ಇದನ್ನ ಮತ್ತೆ ಹಾಕ್ತಾರೆ. ನೋಡ್ಕೋ," ಎಂದರು.

ಡಯಾಲಿಸಿಸ್‌ಗೆ ಹೋಗುತ್ತಾ ಬರುತ್ತಾ ಅವರು ಆ ಮಳೆಗಾಲವನ್ನು ದಾಟಿದರು, ಮುಂದಿನದನ್ನು ನೋಡಲಿಲ್ಲ. ಅವರು ಹೇಳಿದಂತೆಯೇ ಆಯಿತು. ಶವ ಮನೆಯಲ್ಲಿರುವಾಗಲೇ ಇಬ್ಬರು ಹುಡುಗರು ಗೇಟಿನ ಹತ್ತಿರ ಬಂದು, "ಆಂಟಿ, ಯೂನಿಫಾರ್ಮ್ ಫೋಟೋ ಇದ್ರೆ ಕೊಡಿ, ಅಣ್ಣ ಕಳ್ಸಿದಾರೆ," ಎಂದರು. ಇಲ್ಲ ಎಂದು ನಾನೇ ಕಳಿಸಿದೆ. ಸಂಜೆಗೆ ಹಳೆಯ ಚಿತ್ರವೇ ನಿಂತಿತ್ತು, ನೌಕೆಯ ಸಮೇತ. "ಸ್ವಾಗತ" ಹೋಗಿ "ಭಾವಪೂರ್ಣ ಶ್ರದ್ಧಾಂಜಲಿ" ಬಂದಿತ್ತು.

ತಿಥಿ ಮುಗಿದ ಮಾರನೇ ದಿನ ನಾನೂ ಆಂಟಿಯೂ ಏಣಿ ಹಾಕಿ ಅದನ್ನು ಇಳಿಸಿದೆವು. ಯಾರೋ ಕೂಗಿದರು, ನಾವು ತಿರುಗಿ ನೋಡಲಿಲ್ಲ. ಸುತ್ತಿ ಆಟೋದಲ್ಲಿಟ್ಟು ಮೂಡಲಪಾಳ್ಯಕ್ಕೆ ತಂದೆ. ನಮ್ಮನೆ ಹಿಂದೆ ಕಟ್ಟಡ ಕಟ್ಟುವ ರಾಯಚೂರು ಕಡೆಯ ಒಂದು ಸಂಸಾರ ತಗಡಿನ ಶೆಡ್ಡಿನಲ್ಲಿದೆ. ಮಳೆಗೆ ಅದು ಸೋರುತ್ತಿತ್ತು. ಆ ಮನೆಯಾಕೆ ಫ್ಲೆಕ್ಸನ್ನು ನೆಲದ ಮೇಲೆ ಹರಡಿ, ಬಾಗಿ ನೋಡಿದಳು.

"ನಡುವಿನವ್ರು ಯಾರ್ರೀ ಅಕ್ಕಾರ?"

"ನಮ್ಮ ಕ್ಯಾಪ್ಟನ್."

"ಹಂಗಾರ ಮಾರಿ ಒಳಗ ಬರೂಹಂಗ ಹಾಕ್ತೀನ್ರೀ. ಬಿಸಿಲಿಗೆ ಬಣ್ಣ ಹೋಗ್ತದ."

ಕುಡುಗೋಲು ತಂದು ಹೆಚ್ಚಾದ ಭಾಗ ಕತ್ತರಿಸಿದಳು. ಎರಡು ಪುಢಾರಿಗಳೂ ಯುದ್ಧನೌಕೆಯ ಮುಂಭಾಗವೂ ಸ್ನಾನಕ್ಕೆ ಮರೆಯಾಗಿ ಕಟ್ಟಲು ಹೋದವು. ಕ್ಯಾಪ್ಟನ್ ಮುಖ ಒಳಗಾಗಿ ಚಾವಣಿಗೆ ಹೋಗುವವರಿದ್ದರು. ಅವರ ಹುಬ್ಬನ್ನು ಹೀಗೆ ಒಂದಾಗಿಯೇ ಬಿಡಲು ಮನಸ್ಸು ಬರಲಿಲ್ಲ. ಕುಡುಗೋಲು ಇಸಿದುಕೊಂಡು, ಅದರ ತುದಿಯಿಂದ ಬಲಹುಬ್ಬಿನ ಬಣ್ಣವನ್ನು ನಡುವೆ ಒಂದಿಷ್ಟು ಕೆರೆದು ಕೊಟ್ಟೆ.